ಬೆಳಗ್ಗೆ ವಿದ್ಯಾರ್ಥಿನಿ, ಮಧ್ಯಾಹ್ನ ಸ್ವಯಂಸೇವಕಿ: ಆಂತಿಗ್ವಾದಲ್ಲಿ ಹನ್ನೆರಡು ವಾರ

ಪ್ರಶ್ನೆ: ನಾನು ಬೆಂಗಳೂರಿನ ಬಸವನಗುಡಿಯವಳು, ಬಿ.ಕಾಂ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಒಂದು ವರ್ಷದಿಂದ ಶನಿವಾರ, ಭಾನುವಾರದ ತರಗತಿಗಳಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ, ಜುಲೈನಲ್ಲಿ, ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಆಂತಿಗ್ವಾ ಪಟ್ಟಣಕ್ಕೆ ಹನ್ನೆರಡು ವಾರ ಹೋಗಿ, ಅಲ್ಲಿನ ಒಂದು ಕುಟುಂಬದ ಜೊತೆ ಉಳಿದುಕೊಂಡು, ಭಾಷೆ ಕಲಿಯುತ್ತಾ ಮಕ್ಕಳ ಶಾಲೆಯೊಂದರಲ್ಲಿ ಸ್ವಯಂಸೇವೆ ಮಾಡಬೇಕೆಂಬ ಆಸೆಯಿದೆ. ಅಲ್ಲಿ ದಿನ ಹೇಗೆ ಕಳೆಯುತ್ತದೆ? ನನ್ನ ಸ್ಪ್ಯಾನಿಷ್ ಸಾಕಾಗುತ್ತದೆಯೇ? ನಾನು ಸಸ್ಯಾಹಾರಿ, ಊಟಕ್ಕೆ ತೊಂದರೆಯಾಗುವುದೇ? ‘ಸೇವೆ ಮಾಡುವುದಾದರೆ ಇಲ್ಲೇ ಮಾಡು, ಅಷ್ಟು ದೂರ ಯಾಕೆ ಹೋಗಬೇಕು’ ಎಂದು ಅಮ್ಮ ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಮೊದಲು ನಿಮ್ಮ ತಾಯಿಯವರ ಮಾತನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅವರು ಕೇಳಿರುವುದು ಸರಿಯಾದ ಪ್ರಶ್ನೆ. ಸೇವೆಯೊಂದೇ ನಿಮ್ಮ ಉದ್ದೇಶವಾಗಿದ್ದರೆ, ಬಸವನಗುಡಿಯಿಂದ ಅರ್ಧ ಗಂಟೆ ಬಸ್ಸಿನಲ್ಲಿ ಹೋದರೆ ಸಿಗುವ ಯಾವುದಾದರೂ ಸರ್ಕಾರಿ ಶಾಲೆಯಲ್ಲಿ, ಮಕ್ಕಳ ಭಾಷೆ ಬಲ್ಲ, ಅವರ ಮನೆಯ ಕಷ್ಟಸುಖ ಊಹಿಸಬಲ್ಲ ನಿಮ್ಮಿಂದ ಆಗುವ ಉಪಕಾರವು ಗ್ವಾಟೆಮಾಲಾದಲ್ಲಿ ಮೊದಲ ತಿಂಗಳು ಆಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಅಮ್ಮನಿಗೆ ‘ಸೇವೆಗೆ ಹೋಗುತ್ತಿದ್ದೇನೆ’ ಎಂದು ಹೇಳಬೇಡಿ. ‘ಕಲಿಯಲು ಹೋಗುತ್ತಿದ್ದೇನೆ, ಕಲಿಸಿದ ಊರಿಗೆ ಕೈಲಾದದ್ದನ್ನು ಮಾಡಿ ಬರುತ್ತೇನೆ’ ಎಂದು ಹೇಳಿ. ಇದು ಅಮ್ಮನನ್ನು ಒಪ್ಪಿಸಲು ಹೂಡುವ ಉಪಾಯವಲ್ಲ. ನಿಮ್ಮ ಹನ್ನೆರಡು ವಾರಗಳನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದು ಈ ಒಂದು ಮಾತಿನ ಮೇಲೆಯೇ ನಿಂತಿದೆ. ಇಪ್ಪತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದೇನೆ, ಅದಕ್ಕೂ ಮೊದಲು ಅದೇ ಆಂತಿಗ್ವಾದಲ್ಲಿ ಮೂರು ತಿಂಗಳು ವಿದ್ಯಾರ್ಥಿಯಾಗಿ ಕಳೆದಿದ್ದೇನೆ. ಭಾಷೆ ಬರುವ ಮುನ್ನವೇ ಸೇವೆಗೆ ಇಳಿದವರು ಬೇಸರಪಟ್ಟುಕೊಂಡು ಮರಳಿದ್ದನ್ನೂ, ಮೊದಲು ಸುಮ್ಮನೆ ಕುಳಿತು ಕಲಿತವರು ಆಮೇಲೆ ನಿಜವಾಗಿ ಉಪಯೋಗಕ್ಕೆ ಬಂದಿದ್ದನ್ನೂ ಕಂಡಿದ್ದೇನೆ.

ಊರಿನ ಬಗ್ಗೆ ಎರಡು ಮಾತು. ಆಂತಿಗ್ವಾ ಎಂದೊಡನೆ ನಮ್ಮವರಿಗೆ ನೆನಪಾಗುವುದು ವಿವಿಯನ್ ರಿಚರ್ಡ್ಸ್ ಹುಟ್ಟಿದ ಕೆರಿಬಿಯನ್ ದ್ವೀಪ. ಇದು ಅದಲ್ಲ, ಟಿಕೆಟ್ ಕಾದಿರಿಸುವಾಗ ಎಚ್ಚರವಿರಲಿ. ನೀವು ಇಳಿಯಬೇಕಾದದ್ದು ಗ್ವಾಟೆಮಾಲಾ ರಾಜಧಾನಿಯ ಲಾ ಆರೋರಾ ವಿಮಾನ ನಿಲ್ದಾಣದಲ್ಲಿ. ಅಲ್ಲಿಂದ ಆಂತಿಗ್ವಾ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಒಂದು ಕಾಲದಲ್ಲಿ ಈ ಪಟ್ಟಣವೇ ರಾಜಧಾನಿಯಾಗಿತ್ತು. 1773ರ ಭೂಕಂಪದಲ್ಲಿ ಕುಸಿದ ಮೇಲೆ 1776ರಲ್ಲಿ ರಾಜಧಾನಿಯನ್ನು ಈಗಿನ ಜಾಗಕ್ಕೆ ಸಾಗಿಸಿದರು. ‘ಆಂತಿಗ್ವಾ’ ಎಂದರೆ ಹಳೆಯದು, ಹಳೆಯ ಗ್ವಾಟೆಮಾಲಾ. ಕಲ್ಲು ಹಾಸಿದ ಬೀದಿಗಳು, ದಪ್ಪ ಗೋಡೆಯ ತಗ್ಗು ಮನೆಗಳು, ಪಾಳುಬಿದ್ದ ಚರ್ಚುಗಳು, ಸುತ್ತ ಆಗ್ವಾ, ಫ್ವೇಗೊ, ಅಕಾತೆನಾಂಗೊ ಎಂಬ ಮೂರು ಜ್ವಾಲಾಮುಖಿಗಳು. ಯುನೆಸ್ಕೊ 1979ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿರುವುದರಿಂದ ನಮ್ಮ ಊರಿಗಿಂತ ತುಸು ಹೆಚ್ಚೇ ತಂಪು. ನೀವು ಹೋಗಲಿರುವ ಜುಲೈ ತಿಂಗಳಿನಲ್ಲಿ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಮಳೆ. ಒಂದು ಸ್ವೆಟರ್, ಒಂದು ಗಟ್ಟಿ ಕೊಡೆ, ಒದ್ದೆ ಕಲ್ಲಿನ ಮೇಲೆ ಜಾರದ ಚಪ್ಪಲಿ ಇದ್ದರೆ ಸಾಕು.

ಈಗ ದಿನಚರಿ. ನಿಮ್ಮ ಎಚ್ಚರ ಆಗುವುದು ಅಲಾರಂ ಸದ್ದಿಗಲ್ಲ, ಬಹುಶಃ ತಟ್ಟುವ ಸದ್ದಿಗೆ. ಉತ್ತರ ಕರ್ನಾಟಕದ ಯಾವುದಾದರೂ ಮನೆಯಲ್ಲಿ ಒಂದು ರಾತ್ರಿ ತಂಗಿದ್ದರೆ, ಬೆಳಗಿನ ಜಾವ ಜೋಳದ ರೊಟ್ಟಿ ಬಡಿಯುವ ಸದ್ದು ನಿಮಗೆ ನೆನಪಿರಬಹುದು. ಅದಕ್ಕೆ ತೀರ ಹತ್ತಿರದ ಸದ್ದು ಇದು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿಟ್ಟು, ಸಿಪ್ಪೆ ತೆಗೆದು, ರುಬ್ಬಿ ಮಾಡಿದ ಹಿಟ್ಟಿನ ಉಂಡೆಯನ್ನು ಹೆಂಗಸರು ಎರಡೂ ಅಂಗೈಗಳ ನಡುವೆ ತಟ್ಟುತ್ತಾ, ತಿರುಗಿಸುತ್ತಾ ದುಂಡಗೆ ಮಾಡುತ್ತಾರೆ. ಇದೇ ತೊರ್ತಿಯ್ಯಾ. ಸುಣ್ಣ ಹಾಕುವುದು ಸಿಪ್ಪೆ ಬಿಡಲೆಂದಷ್ಟೇ ಅಲ್ಲ. ಮೆಕ್ಕೆಜೋಳದಲ್ಲಿರುವ ನಿಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವುದೇ ಹಾಗೆ ಬೇಯಿಸಿದಾಗ. ಬೀದಿಯಲ್ಲಿ ನಡೆಯುವಾಗ ಸಣ್ಣ ಸಣ್ಣ ಬಾಗಿಲುಗಳ ಮೇಲೆ ‘ತೊರ್ತಿಯ್ಯಾಸ್, ಲೋಸ್ ತ್ರೆಸ್ ತಿಯೆಂಪೊಸ್’ ಎಂಬ ಫಲಕ ಕಾಣುತ್ತದೆ, ಅಂದರೆ ಮೂರು ಹೊತ್ತೂ ತೊರ್ತಿಯ್ಯಾ ಸಿಗುತ್ತದೆ ಎಂದು. ‘ಹೊತ್ತು’ ಎನ್ನುವ ಪದ ಕೇಳಿದವರಿಗೆ, ‘ಕಾಲ’ ಎಂಬ ಅರ್ಥದ ‘ತಿಯೆಂಪೊ’ ಇಲ್ಲಿ ಯಾಕೆ ಬಂತು ಎಂದು ವಿವರಿಸಬೇಕಿಲ್ಲ.

ಏಳು ಗಂಟೆಗೆ ತಿಂಡಿ: ಕಪ್ಪು ಹುರುಳಿಯಂತೆ ಕಾಣುವ ಬೀನ್ಸ್, ಕರಿದ ಬಾಳೆ, ಚೀಸ್, ಕಾಫಿ. ಆ ಹೊತ್ತಿಗೆ ಬೆಂಗಳೂರಿನಲ್ಲಿ ಸಂಜೆ ಆರೂವರೆ. ಎರಡೂ ಊರುಗಳ ನಡುವೆ ಹನ್ನೊಂದೂವರೆ ಗಂಟೆಯ ಅಂತರವಿರುವುದರಿಂದ, ಅಮ್ಮ ದೇವರ ದೀಪ ಹಚ್ಚುವ ಸಮಯಕ್ಕೆ ನೀವು ಕಾಫಿ ಲೋಟ ಹಿಡಿದು ಮಾತಾಡಬಹುದು. ದಿನಕ್ಕೆ ಆ ಒಂದು ಕರೆ ಸಾಕು. ಇಡೀ ದಿನ ಮನೆಯವರೊಂದಿಗೆ, ಗೆಳತಿಯರೊಂದಿಗೆ ಸಂದೇಶ ಕಳಿಸುತ್ತಾ ಕುಳಿತ ವಿದ್ಯಾರ್ಥಿಗಳ ಸ್ಪ್ಯಾನಿಷ್ ಮೂರನೆಯ ವಾರಕ್ಕೆ ನಿಂತುಬಿಡುವುದನ್ನು ನಾನು ಪದೇ ಪದೇ ಕಂಡಿದ್ದೇನೆ.

ಎಂಟಕ್ಕೆ ತರಗತಿ. ಆಂತಿಗ್ವಾದ ಭಾಷಾ ಶಾಲೆಗಳ ವಿಶೇಷವೆಂದರೆ ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಶಿಕ್ಷಕರು. ಮನೆಯ ಒಳಾಂಗಳದಂತಹ ಜಾಗದಲ್ಲಿ, ಗಿಡಗಳ ನಡುವೆ, ಒಂದು ಸಣ್ಣ ಮೇಜು, ಎದುರುಬದುರು ಎರಡು ಕುರ್ಚಿ, ಒಂದು ನೋಟುಪುಸ್ತಕ. ನಾಲ್ಕು ಗಂಟೆ, ನಡುವೆ ಅರ್ಧ ಗಂಟೆ ಬಿಡುವು, ವಾರಕ್ಕೆ ಐದು ದಿನ. ಇಲ್ಲಿ ಹಿಂದಿನ ಬೆಂಚು ಎಂಬುದಿಲ್ಲ. ಬೇರೆಯವರು ಉತ್ತರಿಸಲಿ ಎಂದು ತಲೆ ತಗ್ಗಿಸುವಂತಿಲ್ಲ. ಮೊದಲ ವಾರ ಹನ್ನೆರಡು ಗಂಟೆಗೆ ಹೊರಬಂದಾಗ ಕನ್ನಡ ಕೂಡ ನೆಟ್ಟಗೆ ಬಾಯಿಗೆ ಬರುವುದಿಲ್ಲ, ಅಷ್ಟು ದಣಿವು. ಇದನ್ನು ಮುಂಚೆಯೇ ತಿಳಿದಿದ್ದರೆ ಹೆದರುವುದಿಲ್ಲ. ಬಿಡುವೂ ಸೇರಿ ಹನ್ನೆರಡು ವಾರಕ್ಕೆ ಇದು 240 ಗಂಟೆಯ ಕಲಿಕೆ. ಇಲ್ಲಿಂದ ಎ2 ಮಟ್ಟ (ಭಾಷಾ ಕಲಿಕೆಯ ಆರು ಹಂತಗಳಲ್ಲಿ ಎರಡನೆಯದು) ಮುಟ್ಟಿ ಹೋದವರು ಅಲ್ಲಿ ಮೂರನೆಯದಾದ ಬಿ1 ಮಟ್ಟವನ್ನು ದಾಟಿ, ಮನೆಯವರ ಜಗಳ, ಚಾಲಕನ ಗೊಣಗಾಟ, ಮಗುವಿನ ಹಟ ಎಲ್ಲವನ್ನೂ ಅರ್ಥ ಮಾಡಿಕೊಳ್ಳುವ ಸ್ಥಿತಿಗೆ ಬರುವುದು ಸಾಧ್ಯ. ಒಂದು ವರ್ಷದ ವಾರಾಂತ್ಯದ ತರಗತಿ ಶ್ರದ್ಧೆಯಿಂದ ಆಗಿದ್ದರೆ ನಿಮ್ಮ ಬುನಾದಿ ಸಾಕು.

ಇಲ್ಲಿ ಒಂದು ವಿಷಯವನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ವಿದ್ಯಾರ್ಥಿಗಳು ಕೈಯಲ್ಲಿರುವ ಬಂಗಾರವನ್ನು ಬಳಸುವುದಿಲ್ಲ. ನೀವು ಸ್ಪ್ಯಾನಿಷ್ ಕಲಿತಿರುವುದು ಇಂಗ್ಲಿಷಿನ ಮೂಲಕ. ಅಲ್ಲಿಗೆ ಹೋದ ದಿನದಿಂದ ಕನ್ನಡದ ಮೂಲಕ ಯೋಚಿಸಲು ಆರಂಭಿಸಿ. ‘ಮೆ ಗುಸ್ತಾ ಎಲ್ ಕಾಫೆ’ ಎಂಬ ವಾಕ್ಯವನ್ನು ಇಂಗ್ಲಿಷ್ ಮಾತೃಭಾಷೆಯವರು ವಾರಗಟ್ಟಲೆ ತಿಣುಕಿ ಕಲಿಯುತ್ತಾರೆ. ನಮಗೆ ಅದು ‘ನನಗೆ ಕಾಫಿ ಇಷ್ಟ’, ಅಷ್ಟೇ. ಕಾಫಿ ಕರ್ತೃ, ನಾನು ಚತುರ್ಥಿ ವಿಭಕ್ತಿಯಲ್ಲಿ. ‘ಸೆ ಮೆ ಓಲ್ವಿದೊ’ ಎಂದರೆ ‘ನನಗೆ ಮರೆತುಹೋಯಿತು’. ಮರೆತದ್ದು ನಾನಲ್ಲ, ಅದೇ ನನ್ನಿಂದ ಮರೆತುಹೋದದ್ದು. ‘ಇಬಾ’ ಮತ್ತು ‘ಫುಯಿ’ ಎಂಬ ಎರಡು ಭೂತಕಾಲಗಳ ಬಗ್ಗೆ ಪುಟಗಟ್ಟಲೆ ನಿಯಮ ಬರೆದಿರುತ್ತಾರೆ. ‘ಹೋಗುತ್ತಿದ್ದೆ’ ಮತ್ತು ‘ಹೋದೆ’ ಎಂದು ಮನಸ್ಸಿನಲ್ಲಿ ಹೇಳಿಕೊಂಡು ನೋಡಿ, ಹತ್ತರಲ್ಲಿ ಎಂಟು ಸಲ ಸರಿಯಾದ ರೂಪ ತಾನಾಗಿ ಹೊಳೆಯುತ್ತದೆ. ಹಾರೈಕೆ, ಬಯಕೆ, ಅನುಮಾನಗಳನ್ನು ಹೇಳಲು ಬಳಸುವ, ಎಲ್ಲರೂ ಹೆದರುವ ಸಬ್‌ಜಂಕ್ಟಿವ್ ಎಂಬ ಕ್ರಿಯಾರೂಪಕ್ಕೆ ಕೂಡ ನಮ್ಮಲ್ಲಿ ಒಂದು ಬಾಗಿಲಿದೆ. ಮನೆಯಿಂದ ಹೊರಡುವಾಗ ಅಲ್ಲಿನವರು ‘ಕೆ ಲೆ ವಾಯಾ ಬಿಯೆನ್’ ಎನ್ನುತ್ತಾರೆ, ನಾವು ‘ಒಳ್ಳೆಯದಾಗಲಿ’ ಎನ್ನುವಂತೆ. ‘ಆಗಲಿ’, ‘ಬರಲಿ’, ‘ಹೋಗಲಿ’ ಎನ್ನುವಾಗ ನಮ್ಮ ಮನಸ್ಸು ಎಲ್ಲಿರುತ್ತದೆಯೋ ಆ ರೂಪ ಹುಟ್ಟುವುದೂ ಅಲ್ಲೇ. ಉಸ್ತೆದ್ ಎಂದರೆ ನೀವು, ತೂ ಎಂದರೆ ನೀನು. ಗ್ವಾಟೆಮಾಲಾದಲ್ಲಿ ಆಪ್ತರ ನಡುವೆ ತೂ ಬದಲು ವೋಸ್ ಹೆಚ್ಚು ಕೇಳಿಬರುತ್ತದೆ. ನೀವು ಮನೆಯ ಹಿರಿಯರಿಗೂ, ಶಿಕ್ಷಕರಿಗೂ ಉಸ್ತೆದ್ ಬಳಸಿ. ಯಾರನ್ನು ಬಹುವಚನದಲ್ಲಿ ಕರೆಯಬೇಕು ಎಂಬ ವಿವೇಕ ನಮಗೆ ಹುಟ್ಟಿನಿಂದ ಬಂದದ್ದು.

ಉಚ್ಚಾರಣೆಯಲ್ಲೂ ಹಾಗೆಯೇ. ಅಲ್ಲಿನ ತ, ದ ನಮ್ಮ ತ, ದ ಗಳೇ. ಇಂಗ್ಲಿಷಿನ ಅಭ್ಯಾಸದಿಂದ ‘ಟೊಮಾಟೆ’ ಎನ್ನಬೇಡಿ, ‘ತೊಮಾತೆ’ ಎನ್ನಿ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಂತಿರುವ ಞ ಅಕ್ಷರಕ್ಕೆ ಅಲ್ಲಿ ಕೈತುಂಬ ಕೆಲಸವಿದೆ. ತೊಡಕಾಗುವುದು ಎರಡೇ ಕಡೆ. ಮೊದಲನೆಯದು ಒತ್ತು. ಕನ್ನಡದಲ್ಲಿ ಸ್ವರದ ಉದ್ದದಿಂದ ಅರ್ಥ ಬದಲಾಗುತ್ತದೆ, ಸ್ಪ್ಯಾನಿಷ್‌ನಲ್ಲಿ ಒತ್ತಿನಿಂದ. ‘ಪಾಪ’ ಎಂದು ಮೊದಲ ಅಕ್ಷರಕ್ಕೆ ಒತ್ತು ಕೊಟ್ಟರೆ ಆಲೂಗಡ್ಡೆ, ‘ಪಪಾ’ ಎಂದು ಎರಡನೆಯದಕ್ಕೆ ಕೊಟ್ಟರೆ ಅಪ್ಪ. ಎರಡನೆಯದು ನಾಮಪದಗಳ ಲಿಂಗ. ನಮಗೆ ಮೇಜು, ಮನೆ, ಮಳೆ ಎಲ್ಲವೂ ‘ಅದು’. ಅಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಇದಕ್ಕೆ ಕನ್ನಡ ಸಹಾಯಕ್ಕೆ ಬರುವುದಿಲ್ಲ. ‘ಮೇಸಾ’ ಎಂದು ಕಲಿಯದೆ ‘ಲಾ ಮೇಸಾ’ ಎಂದೇ ಬಾಯಿಪಾಠ ಮಾಡಬೇಕು.

ಕನ್ನಡ ದಾರಿ ತಪ್ಪಿಸುವ ಒಂದು ಜಾಗವನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಎರಡನೆಯ ವಾರದ ಒಂದು ದಿನ ಸ್ನೇಹಿತರೊಂದಿಗೆ ಹೊರಗೆ ಊಟಕ್ಕೆ ಹೊರಟಿದ್ದೆ. ಮನೆಯೊಡತಿ ಬಾಗಿಲಲ್ಲಿ ನಿಂತು ‘ನೋ ವಾ ಅ ಸೆನಾರ್?’ ಎಂದರು, ಅಂದರೆ ‘ರಾತ್ರಿ ಊಟ ಮಾಡಲ್ವಾ?’ ಎಂದು. ನಾನು ‘ಸೀ’ ಎಂದೆ. ನನ್ನ ತಲೆಯಲ್ಲಿದ್ದದ್ದು ‘ಹೂಂ, ಮಾಡಲ್ಲ’ ಎಂಬ ಕನ್ನಡದ ಉತ್ತರ. ನಾವು ನಕಾರದ ಪ್ರಶ್ನೆಗೆ ಒಪ್ಪಿಗೆ ಸೂಚಿಸಲು ‘ಹೌದು’ ಎನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ‘ಸೀ’ ಎಂದರೆ ‘ಮಾಡುತ್ತೇನೆ’ ಎಂದೇ ಅರ್ಥ. ಅದರ ಜೊತೆಗೆ, ಒಪ್ಪಿಗೆಗೆ ತಲೆಯನ್ನು ಅತ್ತಿತ್ತ ಆಡಿಸುವ ನಮ್ಮ ಅಭ್ಯಾಸ ಅವರಿಗೆ ಇನ್ನಷ್ಟು ಗೊಂದಲ ಮಾಡಿತು. ರಾತ್ರಿ ಒಂಬತ್ತೂವರೆಗೆ ಮರಳಿದಾಗ ಅಡುಗೆಮನೆಯ ದೀಪ ಉರಿಯುತ್ತಿತ್ತು. ಮೇಜಿನ ಮೇಲೆ ಒಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಿತ್ತು, ಬಿದಿರ ಬುಟ್ಟಿಯಲ್ಲಿ ಬಟ್ಟೆ ಸುತ್ತಿದ ತೊರ್ತಿಯ್ಯಾಗಳು ಇನ್ನೂ ಬೆಚ್ಚಗಿದ್ದವು, ಆಕೆ ಕುರ್ಚಿಯಲ್ಲಿ ಕುಳಿತೇ ತೂಕಡಿಸುತ್ತಿದ್ದರು. ನಾನು ಎರಡನೆಯ ಸಲ ಊಟ ಮಾಡಿದೆ. ಮರುದಿನ ಶಿಕ್ಷಕಿ ನಾಲ್ಕು ಗಂಟೆಯ ತರಗತಿಯಲ್ಲಿ ಒಂದು ಗಂಟೆಯನ್ನು ನಕಾರದ ಪ್ರಶ್ನೆಗಳಿಗೇ ಮೀಸಲಿಟ್ಟರು. ಅಲ್ಲಿ ಉಳಿದಷ್ಟು ದಿನ, ಇಂಥ ಪ್ರಶ್ನೆಗೆ ಬರೀ ಹೌದು, ಇಲ್ಲ ಎನ್ನದೆ ಪೂರ್ತಿ ವಾಕ್ಯದಲ್ಲಿ ಉತ್ತರಿಸುವುದನ್ನು ರೂಢಿ ಮಾಡಿಕೊಳ್ಳಿ.

ಊಟದ ವಿಚಾರಕ್ಕೆ ಬರುತ್ತೇನೆ. ಸಸ್ಯಾಹಾರಿಗೆ ಆಂತಿಗ್ವಾ ಕಷ್ಟದ ಊರಲ್ಲ, ಆದರೆ ಹೇಳುವ ಮಾತು ಸ್ಪಷ್ಟವಾಗಿರಬೇಕು. ‘ನೋ ಕೊಮೊ ಕಾರ್ನೆ’ ಎಂದರೆ ಸಾಲದು. ಹಲವರಿಗೆ ‘ಕಾರ್ನೆ’ ಎಂದರೆ ದನದ ಮಾಂಸ, ಕೋಳಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಕೋಳಿಯೂ ಬೇಡ, ಮೀನೂ ಬೇಡ, ಕೋಳಿಯ ಸಾರಿನ ಪುಡಿಯೂ ಬೇಡ, ಹಂದಿಯ ಕೊಬ್ಬಾದ ‘ಮಾಂತೇಕಾ’ ಕೂಡ ಬೇಡ ಎಂದು ಒಂದೊಂದಾಗಿ ಹೇಳಿ. ಬೀನ್ಸ್ ಹುರಿಯುವುದಕ್ಕೂ, ಶನಿವಾರ ಮಾಡುವ ತಮಾಲ್ ಎಂಬ ಕಡುಬಿನ ಹಿಟ್ಟಿಗೂ ಆ ಕೊಬ್ಬು ಬೀಳುವುದುಂಟು. ಶಾಲೆಯವರಿಗೆ ಮುಂಚೆಯೇ ಬರೆದು ತಿಳಿಸಿದರೆ ಅದಕ್ಕೆ ಒಗ್ಗುವ ಮನೆಯನ್ನೇ ಗೊತ್ತು ಮಾಡುತ್ತಾರೆ. ಮನೆಯೂಟ ಸಾಮಾನ್ಯವಾಗಿ ವಾರಕ್ಕೆ ಆರು ದಿನ, ಭಾನುವಾರ ನೀವೇ ನೋಡಿಕೊಳ್ಳಬೇಕು. ಕುಡಿಯಲು ನಲ್ಲಿ ನೀರು ಬೇಡವೇ ಬೇಡ, ಮನೆಯಲ್ಲಿ ದೊಡ್ಡ ಕ್ಯಾನಿನ ‘ಆಗ್ವಾ ಪೂರಾ’ ಇರುತ್ತದೆ, ಹಲ್ಲುಜ್ಜಲೂ ಅದನ್ನೇ ಬಳಸಿ. ಒಂದು ದಿನ ತಟ್ಟೆಯಲ್ಲಿ ತಿಳಿಹಸಿರು ತರಕಾರಿಯೊಂದು ಬಂದು ‘ಗ್ವಿಸ್ಕಿಲ್’ ಎಂದು ಪರಿಚಯಿಸಿಕೊಳ್ಳುತ್ತದೆ. ಬಾಯಿಗಿಟ್ಟರೆ ನಮ್ಮ ಸೀಮೆಬದನೆಕಾಯಿ! ತಮಿಳರು ಇದನ್ನು ಬೆಂಗಳೂರು ಕತ್ತರಿಕಾಯಿ ಎಂದೇ ಕರೆಯುತ್ತಾರೆ, ಆದರೆ ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕದ ಈ ನೆಲವೇ. ನಾವು ‘ಸೀಮೆ’ ಎಂದು ಕರೆದದ್ದು ಈ ಸೀಮೆಯನ್ನು ಎಂದು ಆ ಮನೆಯವರಿಗೆ ನನ್ನ ಅರೆಬರೆ ಸ್ಪ್ಯಾನಿಷ್‌ನಲ್ಲಿ ವಿವರಿಸಿದ ಸಂಜೆ, ಅಲ್ಲಿಗೆ ಹೋದ ಮೇಲೆ ಮೊದಲ ಬಾರಿಗೆ ನಾನು ಅರ್ಧ ಗಂಟೆ ತಡೆಯಿಲ್ಲದೆ ಮಾತಾಡಿದ್ದೆ.

ಇನ್ನು ಸೇವೆ. ಮೊದಲ ನಾಲ್ಕು ವಾರ ಸೇವೆಯ ಕೆಲಸ ಹಿಡಿಯಬೇಡಿ ಎಂಬುದು ನನ್ನ ಖಚಿತ ಸಲಹೆ. ಬೇಕಿದ್ದರೆ ವಾರಕ್ಕೊಮ್ಮೆ ಹೋಗಿ, ಮೂಲೆಯಲ್ಲಿ ಕುಳಿತು ನೋಡಿ ಬನ್ನಿ. ಉಳಿದ ಎಂಟು ವಾರ, ನಿಗದಿತ ದಿನ, ನಿಗದಿತ ಸಮಯಕ್ಕೆ ಒಂದೇ ಜಾಗಕ್ಕೆ ಹೋಗಿ. ಶಾಲೆಯ ವೇಳಾಪಟ್ಟಿಯನ್ನೂ ಗಮನಿಸಬೇಕು. ಗ್ವಾಟೆಮಾಲಾದಲ್ಲಿ ಶಾಲಾ ವರ್ಷ ಜನವರಿಯಿಂದ ಅಕ್ಟೋಬರ್‌ವರೆಗೆ. ನವೆಂಬರ್, ಡಿಸೆಂಬರ್‌ನಲ್ಲಿ ಹೋದವರಿಗೆ ಬಾಗಿಲು ಹಾಕಿದ ಶಾಲೆಗಳಷ್ಟೇ ಸಿಗುತ್ತವೆ. ನೀವು ಜುಲೈನಲ್ಲಿ ಹೊರಟು ಸೆಪ್ಟೆಂಬರ್ ಕೊನೆಗೆ ಮರಳುವುದು ಸರಿಯಾದ ಕಾಲ. ಬಹಳಷ್ಟು ಸರ್ಕಾರಿ ಶಾಲೆಗಳು ಬೆಳಗ್ಗೆಯೇ ನಡೆಯುವುದರಿಂದ, ಮಧ್ಯಾಹ್ನ ಮಕ್ಕಳಿಗೆ ಮನೆಪಾಠದಲ್ಲಿ ನೆರವಾಗುವ ಕೇಂದ್ರವನ್ನು ಆರಿಸಿಕೊಂಡರೆ ನಿಮ್ಮ ಬೆಳಗಿನ ತರಗತಿಗೆ ಅಡ್ಡಿಯಾಗುವುದಿಲ್ಲ.

ಅಂಥ ಕೇಂದ್ರದಲ್ಲಿ ನಿಮ್ಮ ಕೆಲಸ ದೊಡ್ಡದಾಗಿ ಕಾಣುವುದಿಲ್ಲ. ಪೆನ್ಸಿಲ್ ಚೂಪು ಮಾಡುವುದು, ಮಗ್ಗಿ ಒಪ್ಪಿಸಿಕೊಳ್ಳುವುದು, ಓದುವ ಮಗುವಿನ ಪಕ್ಕದಲ್ಲಿ ಕುಳಿತು ಬೆರಳಿಟ್ಟು ಸಾಲು ತೋರಿಸುವುದು. ಮಕ್ಕಳು ನಿಮ್ಮನ್ನು ‘ಸೆನ್ಯೊ’ ಎಂದು ಕರೆಯುತ್ತಾರೆ, ನಮ್ಮಲ್ಲಿ ‘ಮಿಸ್’ ಎನ್ನುವಂತೆ. ನನ್ನ ಪಾಲಿಗೆ ಬಂದ ಒಬ್ಬ ಹುಡುಗ, ಮೂರನೆಯ ತರಗತಿಯವನು, ಗುಣಾಕಾರವನ್ನು ಪಟಪಟನೆ ಮಾಡುತ್ತಿದ್ದ. ಅದೇ ಲೆಕ್ಕವನ್ನು ‘ಒಬ್ಬ ರೈತನ ಬಳಿ ಆರು ಬುಟ್ಟಿ ಇವೆ, ಪ್ರತಿ ಬುಟ್ಟಿಯಲ್ಲಿ ಎಂಟು ಮಾವಿನಹಣ್ಣು ಇವೆ’ ಎಂದು ವಾಕ್ಯದಲ್ಲಿ ಕೊಟ್ಟರೆ ಪೆನ್ಸಿಲ್ ಕೆಳಗಿಟ್ಟು ಕಿಟಕಿ ನೋಡುತ್ತಿದ್ದ. ಮಂದಬುದ್ಧಿ ಎಂದು ಯಾರೋ ಹೇಳಿಯೂ ಬಿಟ್ಟಿದ್ದರು. ಆತನ ಮನೆಮಾತು ಕಕ್ಚಿಕೆಲ್ ಎಂದು ನನಗೆ ತಿಳಿದದ್ದು ಮೂರನೆಯ ವಾರ, ಅವನನ್ನು ಕರೆದೊಯ್ಯಲು ಬಂದ ತಾಯಿ ಆ ಭಾಷೆಯಲ್ಲಿ ಅವನನ್ನು ಗದರಿದಾಗ. ಗ್ವಾಟೆಮಾಲಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಾಯಾ ಭಾಷೆಗಳಿವೆ, ಆಂತಿಗ್ವಾದ ಸುತ್ತಲಿನ ಹಳ್ಳಿಗಳಲ್ಲಿ ಕೇಳಿಬರುವುದು ಕಕ್ಚಿಕೆಲ್. ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಆಡುವ ಮಗು ಮೊದಲ ದಿನ ಕನ್ನಡ ಶಾಲೆಯಲ್ಲಿ ಕುಳಿತಾಗ ಏನಾಗುತ್ತದೆ ಎಂದು ಬಲ್ಲ ನಮಗೆ ಇದು ಬೇಗ ಅರ್ಥವಾಗಬೇಕಿತ್ತು, ನನಗೆ ಮೂರು ವಾರ ಹಿಡಿಯಿತು ಎಂಬ ನೋವು ಇಂದಿಗೂ ಇದೆ. ಅಂದಿನಿಂದ ಲೆಕ್ಕದ ವಾಕ್ಯವನ್ನು ಮೊದಲು ಚಿತ್ರ ಬರೆದು, ಆಮೇಲೆ ಓದುವ ಕ್ರಮ ಮಾಡಿಕೊಂಡೆವು. ನಾನೂ ಅವನೂ ಸ್ಪ್ಯಾನಿಷ್ ಎಂಬ ಎರಡನೆಯ ಭಾಷೆಯನ್ನು ಒಟ್ಟಿಗೆ ಕಲಿಯುತ್ತಿದ್ದೇವೆ ಎಂದು ತಿಳಿದ ಮೇಲೆ ಅವನಿಗೆ ನನ್ನ ಮೇಲೆ ಒಂದು ಬಗೆಯ ಸಲುಗೆ ಬಂತು, ನನ್ನ ತಪ್ಪುಗಳನ್ನು ಅವನೇ ತಿದ್ದುತ್ತಿದ್ದ. ‘ಮತ್ಯೊಶ್’ ಎಂದರೆ ಕಕ್ಚಿಕೆಲ್‌ನಲ್ಲಿ ಧನ್ಯವಾದ. ಆ ಒಂದು ಪದವನ್ನು ಹೋಗುವ ಮುನ್ನವೇ ಕಲಿತುಕೊಳ್ಳಿ.

ಒಂದು ಜಾಗಕ್ಕೆ ಮಾತ್ರ ಹೋಗಬೇಡಿ ಎಂದು ಕಟ್ಟುನಿಟ್ಟಾಗಿ ಹೇಳುತ್ತೇನೆ: ಅಲ್ಪಕಾಲದ ವಿದೇಶಿ ಸ್ವಯಂಸೇವಕರನ್ನು ಹಣ ಪಡೆದು ಸೇರಿಸಿಕೊಳ್ಳುವ ಅನಾಥಾಲಯಗಳು. ತಾಯ್ತಂದೆಯರಿಂದ ದೂರವಿರುವ ಮಗುವಿನ ಜೊತೆ ಮೂರು ವಾರ ಅಕ್ಕರೆಯಿಂದ ಇದ್ದು ಹೊರಟುಬಿಡುವುದು, ಅವರ ಹಿಂದೆಯೇ ಇನ್ನೊಬ್ಬರು ಬಂದು ಹಾಗೆಯೇ ಹೋಗುವುದು ಮಗುವಿಗೆ ಮತ್ತೆ ಮತ್ತೆ ಬಿಟ್ಟುಹೋಗುವ ಗಾಯ. ಅದಕ್ಕಿಂತ ಘೋರವಾದದ್ದೆಂದರೆ, ಸಂದರ್ಶಕರ ಹಣಕ್ಕಾಗಿ ಮಕ್ಕಳನ್ನು ಮನೆಯಿಂದ ತಂದು ತುಂಬಿಸುವ ಸಂಸ್ಥೆಗಳು ಹಲವು ದೇಶಗಳಲ್ಲಿವೆ. ಆಸ್ಟ್ರೇಲಿಯಾ 2018ರಲ್ಲಿ ತನ್ನ ಆಧುನಿಕ ಗುಲಾಮಗಿರಿ ಕಾನೂನನ್ನು ತರುವಾಗ ಇದನ್ನೂ ಅಂಥ ಗುಲಾಮಗಿರಿಯ ಒಂದು ರೂಪವೆಂದು ಪರಿಗಣಿಸಿತು. ಗ್ವಾಟೆಮಾಲಾಕ್ಕೆ ಈ ವಿಷಯದಲ್ಲಿ ತನ್ನದೇ ಕಹಿ ನೆನಪಿದೆ. 2007ರವರೆಗೆ ಅಲ್ಲಿಂದ ವರ್ಷಕ್ಕೆ ಸಾವಿರಾರು ಮಕ್ಕಳು ದತ್ತು ಹೆಸರಿನಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದರು, ಕದ್ದ ಮಕ್ಕಳೂ ಅದರಲ್ಲಿದ್ದರೆಂಬ ದೂರುಗಳು ಎದ್ದ ಮೇಲೆ ಆ ವರ್ಷದ ಕೊನೆಗೆ ಕಾನೂನು ಬದಲಾಯಿತು. ಮಕ್ಕಳ ಕಳ್ಳರೆಂಬ ಸಂಶಯದಿಂದ ಹಳ್ಳಿಗಳಲ್ಲಿ ವಿದೇಶಿಯರ ಮೇಲೆ ಹಲ್ಲೆ ನಡೆದದ್ದೂ ಇದೆ. ಆದ್ದರಿಂದ ಬೀದಿಯಲ್ಲಿ, ಶಾಲೆಯಲ್ಲಿ ಮಕ್ಕಳ ಫೋಟೊ ತೆಗೆಯಬೇಡಿ, ಅಪರಿಚಿತ ಮಗುವಿಗೆ ಸಿಹಿ ಕೊಡಬೇಡಿ, ಮುದ್ದಾಗಿ ಕಂಡರೂ ಎತ್ತಿಕೊಳ್ಳಬೇಡಿ.

ಯಾವ ಕೇಂದ್ರವನ್ನು ನಂಬಬಹುದು ಎಂದು ತಿಳಿಯಲು ನಾನು ವಿದ್ಯಾರ್ಥಿಗಳಿಗೆ ಹೇಳುವ ಪರೀಕ್ಷೆ ಸರಳವಾದದ್ದು. ಅವರು ನಿಮ್ಮನ್ನು ಪ್ರಶ್ನೆ ಕೇಳುತ್ತಾರೆಯೇ ನೋಡಿ. ಪೊಲೀಸ್ ಪರಿಶೀಲನಾ ಪತ್ರ, ಪರಿಚಯದ ಪತ್ರ, ಎಷ್ಟು ವಾರ ಇರುತ್ತೀರಿ, ಸ್ಪ್ಯಾನಿಷ್ ಎಷ್ಟು ಬರುತ್ತದೆ ಎಂದು ವಿಚಾರಿಸುವ ಸಂಸ್ಥೆ ಮಕ್ಕಳ ಬಗ್ಗೆ ಯೋಚಿಸುತ್ತಿದೆ. ಹಣ ಕಳಿಸಿದ ಕೂಡಲೇ ‘ನಾಳೆಯೇ ಬನ್ನಿ’ ಎನ್ನುವ ಸಂಸ್ಥೆಯನ್ನು ಬಿಟ್ಟುಬಿಡಿ. ನೀವು ಬರುವ ಮುನ್ನ ಆ ಕೆಲಸವನ್ನು ಯಾರು ಮಾಡುತ್ತಿದ್ದರು, ಹೋದ ಮೇಲೆ ಯಾರು ಮಾಡುತ್ತಾರೆ ಎಂದು ನೀವೂ ಕೇಳಿ. ಸ್ಥಳೀಯ ಶಿಕ್ಷಕಿಗೆ ಸಿಗಬೇಕಾದ ಸಂಬಳದ ಕೆಲಸವನ್ನು ನೀವು ಪುಕ್ಕಟೆಯಾಗಿ ಮಾಡುವಂತಾಗಬಾರದು.

ಖರ್ಚು ಮತ್ತು ಕಾಗದಪತ್ರಗಳನ್ನು ಬೇಗ ಮುಗಿಸುತ್ತೇನೆ. ವಾರಕ್ಕೆ ಇಪ್ಪತ್ತು ಗಂಟೆಯ ಪಾಠ, ಮನೆ, ಊಟ ಸೇರಿ 250ರಿಂದ 400 ಅಮೆರಿಕನ್ ಡಾಲರ್ ಲೆಕ್ಕ ಹಾಕಿಕೊಳ್ಳಿ, ವಿಮಾನದ ಖರ್ಚು ಬೇರೆ. ಅಲ್ಲಿನ ನಾಣ್ಯದ ಹೆಸರು ಕೆತ್ಸಾಲ್, ಅದು ಆ ದೇಶದ ರಾಷ್ಟ್ರಪಕ್ಷಿಯ ಹೆಸರು. ಡಾಲರ್ ನೋಟು ಒಯ್ಯುವುದಾದರೆ ಅಂಚು ಹರಿಯದ ಹೊಸ ನೋಟುಗಳನ್ನೇ ಒಯ್ಯಿರಿ, ಹರಿದವನ್ನು ಬ್ಯಾಂಕುಗಳು ಮುಟ್ಟುವುದಿಲ್ಲ. ವೀಸಾ ನಿಯಮಗಳು ಬದಲಾಗುತ್ತಿರುವುದರಿಂದ ನವದೆಹಲಿಯ ಗ್ವಾಟೆಮಾಲಾ ರಾಯಭಾರ ಕಚೇರಿಯಿಂದ ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ನಾಲ್ಕೂ ಸೇರಿ ಪ್ರವಾಸಿಗೆ ಕೊಡುವುದು ಒಟ್ಟು 90 ದಿನ. ನಿಮ್ಮ ಹನ್ನೆರಡು ವಾರ 84 ದಿನವಾಗುತ್ತದೆ, ನಡುವೆ ಈ ನಾಲ್ಕರಲ್ಲೇ ಇನ್ನೊಂದು ದೇಶಕ್ಕೆ ಹೋಗಿಬಂದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುವುದಿಲ್ಲ. ಅಮೆರಿಕದ ಮೂಲಕ ಹೋಗುವುದಾದರೆ ಬರೀ ವಿಮಾನ ಬದಲಿಸಲೂ ಅವರ ವೀಸಾ ಬೇಕು.

ಬಹಳ ಮಂದಿ ಮರೆಯುವುದು ಹಳದಿ ಜ್ವರದ ಲಸಿಕೆಯನ್ನು. ಗ್ವಾಟೆಮಾಲಾದಲ್ಲಿ ಆ ಜ್ವರದ ಕಾಟವಿಲ್ಲ. ಆದರೆ ಪನಾಮಾ, ಕೊಲಂಬಿಯಾ, ಪೆರು ಮುಂತಾದ ದೇಶಗಳಿಂದ ಭಾರತಕ್ಕೆ ಬರುವವರ ಬಳಿ ಲಸಿಕೆಯ ಪ್ರಮಾಣಪತ್ರವಿಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ನಿಮ್ಮ ವಿಮಾನ ಪನಾಮಾದ ಮೂಲಕ ಬರುವ ಸಾಧ್ಯತೆ ಸಾಕಷ್ಟಿದೆ. ಲಸಿಕೆ ಹಾಕಿಸಿದ ಹತ್ತು ದಿನಗಳ ಮೇಲೆ ಪ್ರಮಾಣಪತ್ರ ಜಾರಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಬೆಂಗಳೂರಿನಲ್ಲಿ ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ ಮಾತ್ರ ಹಾಕಿಸಬೇಕು, ಮುಂಗಡ ದಿನಾಂಕ ಸಿಗಲು ತಡವಾಗಬಹುದು. ಸುರಕ್ಷತೆಯ ಮಟ್ಟಿಗೆ, ಕತ್ತಲಾದ ಮೇಲೆ ಒಬ್ಬರೇ ನಡೆದು ಹೋಗದಿರುವುದು, ಊರಿಂದೂರಿಗೆ ಹಗಲಿನಲ್ಲಿ ಶಾಲೆಯವರು ಹೇಳಿದ ವ್ಯಾನಿನಲ್ಲೇ ಹೋಗುವುದು, ಅಷ್ಟನ್ನು ಪಾಲಿಸಿದ ನನ್ನ ವಿದ್ಯಾರ್ಥಿಗಳಿಗೆ ತೊಂದರೆಯಾಗಿಲ್ಲ. ಫ್ವೇಗೊ ಜ್ವಾಲಾಮುಖಿ ಹೊಗೆಯುಗುಳುವುದು ಅಲ್ಲಿ ಹೊಸ ವಿಷಯವಲ್ಲ, ಆದರೆ 2018ರ ಜೂನ್ 3ರಂದು ಅದು ಸ್ಫೋಟಿಸಿ ಇಡೀ ಒಂದು ಊರನ್ನೇ ಹೂತುಹಾಕಿತು. ಮನೆಯವರು ‘ಇವತ್ತು ಆ ಕಡೆ ಹೋಗಬೇಡ’ ಎಂದರೆ ಕಾರಣ ಕೇಳದೆ ಒಪ್ಪಿಕೊಳ್ಳಿ.

ಕೊನೆಯ ವಾರದ ಬಗ್ಗೆ ಒಂದು ಕೋರಿಕೆ. ನೀವು ಹೊರಡುವ ದಿನಾಂಕವನ್ನು ಮಕ್ಕಳಿಗೆ ಎರಡು ವಾರ ಮುಂಚೆಯೇ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಕೈಯಿಂದಲೇ ಗುರುತು ಹಾಕಿಸಿ. ‘ಮತ್ತೆ ಬರುತ್ತೇನೆ’ ಎಂದು ಬಾಯಿಮಾತಿಗೆ ಹೇಳಬೇಡಿ, ಅವರು ಅದನ್ನು ನಂಬುತ್ತಾರೆ. ಆಮೇಲೆ ಒಂದು ಸಂಜೆ ಕುಳಿತು ಪ್ರತಿ ಮಗುವಿನ ಬಗ್ಗೆ ಸ್ಪ್ಯಾನಿಷ್‌ನಲ್ಲಿ ನಾಲ್ಕು ಸಾಲು ಬರೆಯಿರಿ: ಯಾರಿಗೆ ಏಳರ ಮಗ್ಗಿಯಲ್ಲಿ ತೊಡಕು, ಯಾರಿಗೆ ಮನೆಮಾತು ಬೇರೆ, ಯಾರು ಚಿತ್ರ ಬರೆದರೆ ಬೇಗ ಕಲಿಯುತ್ತಾರೆ. ನಿಮ್ಮ ಭಾಷಾ ಶಿಕ್ಷಕಿ ಅದನ್ನು ಸಂತೋಷದಿಂದ ತಿದ್ದಿಕೊಡುತ್ತಾರೆ. ತಿದ್ದಿದ ಆ ಹಾಳೆಗಳನ್ನು ಕೇಂದ್ರದ ಸ್ಥಳೀಯ ಶಿಕ್ಷಕಿಯ ಕೈಗೆ ಕೊಟ್ಟು, ನಿಮ್ಮ ಜಾಗಕ್ಕೆ ಬರುವವರಿಗೆ ಮೊದಲ ದಿನವೇ ಓದಲು ಕೊಡಿ ಎಂದು ಹೇಳಿ ಬನ್ನಿ.